ಬೇಡವಾದದ್ದನ್ನು ತನ್ನಿ ಎಂದ ಆಟ

ಮೂರು ದಿನದ ತರಬೇತಿ ಮುಗಿಸಿ ಬಂದ ಟೀಚರ್ ಕೈಗೆ ಒಂದು ವಾರ ಯಾರೂ ಸಿಕ್ಕಿಬೀಳಬಾರದು ಎಂದು ನಮ್ಮ ಹೆಡ್ಮಾಸ್ತರರು ತಮಾಷೆ ಮಾಡುತ್ತಿದ್ದರು. ಆ ವರ್ಷ ಆ ಮಾತನ್ನು ಅವರು ನನ್ನ ಮುಖ ನೋಡಿಕೊಂಡೇ ಹೇಳಿದರು. ನಾನು ನಗಲಿಲ್ಲ. ಅನಂತಪುರದಲ್ಲಿ ಕುಳಿತು, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪರಿಸರ ಉಳಿಸಿಕೊಂಡು ಬದುಕುವುದನ್ನು ಆಟ ಮತ್ತು ಕತೆಗಳಿಂದ ಹೇಳಿಕೊಡುವ ವಿದ್ಯೆ ಕಲಿತು ಬಂದವಳು ನಾನು. ನಗುವಷ್ಟು ಪುರುಸೊತ್ತು ಎಲ್ಲಿತ್ತು? ತರಬೇತಿಯ ಪುಸ್ತಕ ತೆಲುಗಿನಲ್ಲಿತ್ತು. ನಮ್ಮದು ಆಂಧ್ರದ ಗಡಿಯೊಳಗಿನ ಕನ್ನಡ ಮಾಧ್ಯಮದ ಶಾಲೆ. ರಾಯದುರ್ಗಕ್ಕೆ ವಾಪಸು ಬರುವ ಬಸ್ಸಿನಲ್ಲೇ ಅರ್ಧ ಪುಸ್ತಕವನ್ನು ಕನ್ನಡಕ್ಕೆ ಇಳಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ರಸ್ತೆ ಕುಲುಕಿದ ಕಡೆಯೆಲ್ಲ ಅಕ್ಷರವೂ ಕುಲುಕಿ, ಆಮೇಲೆ ಕೆಲವು ಸಾಲು ನನಗೇ ಓದಲು ಬರಲಿಲ್ಲ.

ನನ್ನದು ಮಡಕಶಿರದ ಕಡೆಯ ಊರು, ಗುಡಿಬಂಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ಕಡಲೆಕಾಯಿ, ರಾಗಿ, ರೇಷ್ಮೆ ಹುಳಕ್ಕೆಂದು ಸ್ವಲ್ಪ ಹಿಪ್ಪುನೇರಳೆ ಬೆಳೆಯುತ್ತಿದ್ದರು. ಕೆಲಸ ಸಿಕ್ಕಿ ರಾಯದುರ್ಗಕ್ಕೆ ಬಂದಾಗ ಮಕ್ಕಳು ನನ್ನ ಮಾತು ಕೇಳಿ ಒಂದು ತಿಂಗಳು ನಕ್ಕರು, ನಾನು ಅವರ ಮಾತು ಕೇಳಿ ಎರಡು ತಿಂಗಳು ನಕ್ಕೆ. ಅಷ್ಟರಲ್ಲಿ ಸ್ನೇಹವಾಗಿತ್ತು. ಬಂದು ನಾಲ್ಕನೇ ವರ್ಷಕ್ಕೆ ಈ ತರಬೇತಿ ಬಂತು.

ರಾಯದುರ್ಗದಲ್ಲಿ ಆಗ ಯಾವ ಓಣಿಗೆ ಹೋದರೂ ಹೊಲಿಗೆ ಮಷೀನಿನ ಸದ್ದು. ಶಾಲೆಯ ಗೋಡೆಯ ಆಚೆಯೇ ಒಂದು ಜೀನ್ಸ್ ಪ್ಯಾಂಟಿನ ಯೂನಿಟ್ ಇತ್ತು. ಬಟ್ಟೆಯನ್ನು ಅಲ್ಲಿ ಕತ್ತರಿಸಿ, ತುಂಡುಗಳನ್ನು ಬಂಡಲ್ ಕಟ್ಟಿ, ಒಂದಷ್ಟು ಕೆಲಸವನ್ನು ಮನೆಗಳಿಗೂ ಕೊಡುತ್ತಿದ್ದರು. ಒಂದು ಮನೆಯಲ್ಲಿ ಜೇಬು, ಇನ್ನೊಂದು ಮನೆಯಲ್ಲಿ ಕಾಜ, ಮತ್ತೊಂದು ಮನೆಯಲ್ಲಿ ದಾರ ಕತ್ತರಿಸುವುದು. ಪಾಠ ಹೇಳುವಾಗ ಮಷೀನು ಜೋರಾದರೆ ನಾನೂ ಜೋರಾಗುತ್ತಿದ್ದೆ. ಕರೆಂಟ್ ಹೋದಾಗ ಮಾತ್ರ ನನ್ನ ಗಂಟಲಿಗೆ ವಿಶ್ರಾಂತಿ.

ಆ ವರ್ಷ ಜುಲೈನಲ್ಲಿ ನನ್ನ ನಾಲ್ಕನೇ ತರಗತಿಗೆ ಒಬ್ಬ ಹುಡುಗಿ ಸೇರಿದಳು. ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದವರು. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಇವರ ಶೆಡ್ಡೂ ಹೋಗುತ್ತಿತ್ತು, ಅದರ ಹಿಂದೆ ಹುಡುಗಿಯ ಶಾಲೆಯೂ ಹೋಗುತ್ತಿತ್ತು. ನಮ್ಮದು ಅವಳಿಗೆ ನಾಲ್ಕನೇ ಶಾಲೆ. ಅಪ್ಪ ಅಲ್ಲೇ ಉಳಿದು, ಅಮ್ಮ ಮಗಳು ಮಾತ್ರ ಊರಿಗೆ ಬಂದಿದ್ದರು. ಸೇರಿಸಲು ಬಂದ ದಿನ ಅಮ್ಮ ನನ್ನ ಮೇಜಿನ ಮುಂದೆ ನಿಂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಟೀಚರಮ್ಮ, ಈ ವರ್ಷ ಏನಾರ ಆಗ್ಲಿ, ಇಕಿ ಒಂದೇ ಶಾಲ್ಯಾಗ ಇರಬೇಕ್ರಿ. ನಮ್ಮಕ್ಕನ ಮನ್ಯಾಗ ಮಷೀನ್ ಕಲ್ಯಾಕತ್ತೀನಿ. ಯೂನಿಟ್‌ನೋರು ನಂಬಿ ಬಂಡಲ್ ಕೊಟ್ರ ಇಲ್ಲೇ ಇರ್ತೀವಿ. ಕೊಡಲಿಲ್ಲ ಅಂದ್ರ ಮತ್ತ ಬೆಂಗಳೂರೇ ಗತಿ."

"ಕೊಡ್ತಾರೆ ಬಿಡಕ್ಕ" ಎಂದೆ ನಾನು. ಗೊತ್ತಿಲ್ಲದ ವಿಷಯದಲ್ಲಿ ಧೈರ್ಯ ಹೇಳುವುದು ನನ್ನ ಹಳೆಯ ಚಾಳಿ.

ಹುಡುಗಿ ಕಡ್ಡಿಯಂತೆ ತೆಳ್ಳಗಿದ್ದಳು. ಮಾತು ಕಡಿಮೆ, ಆದರೆ ಹೇಳಿದ ಕೆಲಸವನ್ನು ಎಲ್ಲರಿಗಿಂತ ಮೊದಲು ಮಾಡಿ ತರಬೇಕೆಂಬ ಹಟ. ಹೊಸ ಶಾಲೆಗಳಿಗೆ ಹೋಗಿ ಹೋಗಿ ಅಭ್ಯಾಸವಾಗಿದ್ದ ಮಗು ಅದು. ಮೊದಲ ತಿಂಗಳಲ್ಲೇ ಟೀಚರ್ ಕಣ್ಣಿಗೆ ಒಳ್ಳೆಯವಳಾಗಿ ಕಾಣಬೇಕು ಎಂಬುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನನ್ನ ಪರಿಸರದ ಪಾಠ ಕತೆಯಿಂದ ಶುರುವಾಯಿತು. ಸುಸ್ಥಿರತೆ ಎಂಬ ಪದವನ್ನು ಮಕ್ಕಳ ಬಾಯಲ್ಲಿ ಹೇಳಿಸಲು ಹೋಗಿ ಅರ್ಧ ಪೀರಿಯಡ್ ಹಾಳು ಮಾಡಿಕೊಂಡು, ಅದನ್ನು ಅಲ್ಲಿಗೇ ಬಿಟ್ಟು, ಒಂದು ಪ್ಯಾಂಟು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವಂತೆ ಕಟ್ಟಿದೆ. ಹತ್ತಿ ಗಿಡದಲ್ಲಿ ಹುಟ್ಟಿದೆ, ನೂಲಾದೆ, ನೀಲಿ ಬಣ್ಣ ಕುಡಿದೆ, ರಾಯದುರ್ಗಕ್ಕೆ ಬಂದೆ ಎಂದು ಪ್ಯಾಂಟು ಹೇಳುತ್ತದೆ. ಅಲ್ಲಿಯವರೆಗೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ರಾಯದುರ್ಗ ಬಂದ ಕೂಡಲೇ ಕತೆ ನನ್ನ ಕೈ ಬಿಟ್ಟುಹೋಯಿತು.

"ಆಮೇಲೆ ನನ್ನನ್ನು ಹೊಲಿದರು" ಎಂದೆ.

"ಹಂಗಲ್ರಿ ಟೀಚರ್, ಮೊದಲು ಕಟಿಂಗ್ ಆಗಬೇಕ್ರಿ."

"ಕಟಿಂಗ್‌ಗಿಂತ ಮೊದಲು ಬಟ್ಟಿ ಹಾಸಬೇಕ್ರಿ ಟೇಬಲ್ ಮ್ಯಾಲ, ಒಂದರ ಮ್ಯಾಲ ಒಂದು."

"ನೀರಾಗ ತೊಳೆಯೋದು ಆಮೇಲೆ ಬರ್ತದ್ರಿ. ವಾಷಿಂಗ್ ಆದಮ್ಯಾಲೇ ಅದು ಚಂದ ಕಾಣೋದು."

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಚರಂಡಿಗೆ ಎಂದರು. ಚರಂಡಿ ಎಲ್ಲಿಗೆ ಹೋಗುತ್ತದೆ ಎಂದೆ. ಯಾರಿಗೂ ಗೊತ್ತಿರಲಿಲ್ಲ. ಮರುದಿನ ಸಾಲಾಗಿ ಕರೆದುಕೊಂಡು ಹೋಗಿ, ಆ ನೀಲಿ ನೀರಿನ ಜೊತೆಗೇ ಊರ ಹೊರಗಿನವರೆಗೆ ನಡೆದೆವು. ಮಕ್ಕಳು ಕಾಗದದ ದೋಣಿ ಬಿಟ್ಟು ಅದರ ಹಿಂದೆ ಓಡಿದರು. ಒಂದು ಜಾಗದಲ್ಲಿ ಕುರಿಗಳು ನೀರಿನ ಹತ್ತಿರ ಬಂದು, ಮೂಸಿ, ಹಿಂದಕ್ಕೆ ಸರಿದವು. ಅವತ್ತು ನಾನು ಬೇರೆ ಪಾಠ ಹೇಳಲಿಲ್ಲ, ಅಗತ್ಯವೂ ಇರಲಿಲ್ಲ.

ಆಮೇಲೆ ಆಟಗಳು. ಪುಸ್ತಕದ ಮೊದಲ ಆಟ ಹೀಗಿತ್ತು. ಮಕ್ಕಳು ವೃತ್ತದಲ್ಲಿ ಕೂರಬೇಕು. ಒಂದು ವಸ್ತುವನ್ನು ಕೈಯಿಂದ ಕೈಗೆ ಕೊಡುತ್ತಾ ಹೋಗಬೇಕು. ಕೈಗೆ ಬಂದಾಗ ಅದನ್ನು ಇನ್ನು ಯಾವುದಕ್ಕೆ ಬಳಸಬಹುದು ಎಂದು ಹೇಳಬೇಕು. ಹೇಳಲಾಗದೆ "ಎಸೆಯುತ್ತೇನೆ" ಅಂದವರು ಔಟ್. ಹತ್ತು ನಿಮಿಷದಲ್ಲಿ ಮುಕ್ಕಾಲು ಪಾಲು ಮಕ್ಕಳು ಔಟಾಗುತ್ತಾರೆ, ಆಗ ಅವರಿಗೆ ಮರುಬಳಕೆಯ ಪಾಠ ಹೇಳಬೇಕು ಎಂದು ಬರೆದಿತ್ತು.

ನಾನು ಒಂದು ಹಳೆಯ ಸೀರೆ ಕೊಟ್ಟೆ. ಮೊದಲನೆಯವಳು ಎರಡು ಲಂಗ ಎಂದಳು. ಎರಡನೆಯವನು ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುವುದು ಎಂದ. ಕೌದಿಗೆ ಎಂದರು, ದಿಂಬಿನೊಳಗೆ ತುಂಬಲು ಎಂದರು, ರೊಟ್ಟಿ ಸುತ್ತಿಡಲು, ಎಮ್ಮೆ ಮೈ ಒರೆಸಲು, ಮಷೀನಿನ ಎಣ್ಣೆ ಒರೆಸಲು, ಬಾಗಿಲ ಸಂದಿಗೆ ತುರುಕಲು, ಹಗ್ಗ ಹೊಸೆಯಲು, ಕೊನೆಗೆ ನೀರೊಲೆಗೆ. ನೀರೊಲೆಗೆ ಹಾಕಿದ ಮೇಲೆ ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಪಕ್ಕದವಳು, "ಬೂದಿ ಪಾತ್ರಿ ತಿಕ್ಕಾಕ ಬರ್ತದಲ್ರಿ" ಎಂದಳು. ಗಂಟೆ ಹೊಡೆಯಿತು. ಒಬ್ಬರೂ ಔಟಾಗಿರಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಆಟ ಕೆಟ್ಟುಹೋಯಿತು ಎಂದುಕೊಂಡೆ. ಮಕ್ಕಳಿಗೆ ನಿಯಮ ಅರ್ಥವಾಗಲಿಲ್ಲ, ನಾನು ಸರಿಯಾಗಿ ವಿವರಿಸಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಕಣ್ಣೆದುರಿಗೆ ಇದ್ದದ್ದು ಅಷ್ಟೂ ಕಾಣಲಿಲ್ಲ. ಪುಸ್ತಕದಲ್ಲಿ ಮುಕ್ಕಾಲು ಪಾಲು ಔಟ್ ಎಂದಿದೆ, ಇಲ್ಲಿ ಯಾರೂ ಆಗಲಿಲ್ಲ, ಅಂದರೆ ತಪ್ಪು ಇಲ್ಲಿಯದೇ ಎಂದು ನನ್ನ ಲೆಕ್ಕ.

ಹಾಗಾಗಿ ಎರಡನೇ ಆಟಕ್ಕೆ ನಿಯಮವನ್ನು ಬಿಗಿ ಮಾಡಿದೆ. ನಾಳೆ ಪ್ರತಿಯೊಬ್ಬರೂ ಮನೆಯಲ್ಲಿ ಯಾರಿಗೂ ಬೇಡವಾದ ಒಂದು ವಸ್ತು ತರಬೇಕು. ಅದರಿಂದ ತರಗತಿಗೆ ಏನಾದರೂ ಮಾಡೋಣ. ದೊಡ್ಡವರನ್ನು ಕೇಳಬಾರದು, ನಿಮ್ಮ ಕಣ್ಣಿನಿಂದ ನೀವೇ ಹುಡುಕಬೇಕು. ಬರಿಗೈಯಲ್ಲಿ ಬಂದವರು ಸೋತ ಹಾಗೆ. ಈ ಕೊನೆಯ ಮಾತು ಪುಸ್ತಕದ್ದಲ್ಲ, ನನ್ನ ಸ್ವಂತದ್ದು.

ಮರುದಿನ ಬೆಳಿಗ್ಗೆ ಎಲ್ಲರೂ ಏನೇನೋ ತಂದರು. ಪ್ಲಾಸ್ಟಿಕ್ ಕವರು, ಬಾಟಲಿ, ಬಿಸ್ಕತ್ತಿನ ಖಾಲಿ ಪೊಟ್ಟಣ, ಹರಿದ ಚಪ್ಪಲಿಯ ಒಂದು ಕಾಲು. ಆ ಹುಡುಗಿ ಲಂಗದ ಮಡಿಲಲ್ಲಿ ಎರಡು ಹಿಡಿಯಷ್ಟು ನೀಲಿ ಬಟ್ಟೆಯ ತುಂಡುಗಳನ್ನು ತಂದಿದ್ದಳು. ಅಂಗೈ ಅಗಲದವು, ಎಲ್ಲವೂ ಒಂದೇ ಅಳತೆ, ಹೊಸ ಬಟ್ಟೆಯ ವಾಸನೆ. ಮೇಜಿನ ಮೇಲೆ ಸುರಿದು, ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ ನಕ್ಕಳು.

"ನೋಡ್ರೋ, ಎಷ್ಟು ಚೆನ್ನಾಗೈತೆ ಇದು. ಇವಳನ್ನ ನೋಡಿ ಕಲೀರಿ" ಎಂದೆ ನಾನು.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. "ಟೀಚರ್, ಅವು ಸಣ್ಣ ಜೇಬಿನ ಪೀಸ್ ಇದ್ದಂಗದಾವಲ್ರಿ" ಎಂದು ಒಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ಎರಡು ಮಷೀನು ಇದ್ದವು. ನಾನು ಅವಳನ್ನು ಗದರಿಸಿ ಕೂರಿಸಿದೆ. ಬೇರೆಯವರು ತಂದದ್ದಕ್ಕೆ ಹೆಸರಿಡಬಾರದು, ಹೊಟ್ಟೆಕಿಚ್ಚು ಪಡಬಾರದು ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅವಳು ಕೂತಳು.

ಆ ವಾರ ಮಂಡಲದ ವಿದ್ಯಾಧಿಕಾರಿ ಬರುವವರಿದ್ದರು. ತರಬೇತಿಯ ಫಲ ಗೋಡೆಯ ಮೇಲೆ ಕಾಣಬೇಕಲ್ಲ. ದೊಡ್ಡ ಚಾರ್ಟಿನ ಮೇಲೆ ಮರದ ಕಾಂಡ ಬರೆದು, ಆ ನೀಲಿ ತುಂಡುಗಳನ್ನು ನನ್ನ ಕೈಯಾರೆ ಎಲೆಯ ಆಕಾರಕ್ಕೆ ಕತ್ತರಿಸಿ, ಮಕ್ಕಳ ಕೈಯಲ್ಲಿ ಅಂಟು ಹಾಕಿಸಿ ಅಂಟಿಸಿದೆ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಒಂದು ನೀಲಿ ಮರ ನಿಂತಿತ್ತು. ಕತ್ತರಿಸಿ ಉಳಿದ ಅಂಚುಗಳನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದೆ. ಪರಿಸರದ ಪಾಠ ಹೇಳಿದವಳೇ!

ಮಾರನೆಯ ದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಕುಳಿತಿದ್ದಾಗ ಹುಡುಗಿಯ ಅಮ್ಮ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಿದ್ದಳು, ಆದರೆ ದನಿ ಏರಿಸಲಿಲ್ಲ.

"ಟೀಚರಮ್ಮ, ನಿನ್ನೆ ಮಗಳು ಒಂದಿಷ್ಟು ಪೀಸ್ ತಂದಿದ್ಲಂತ್ರಿ. ಅವು ಬೇಕಾಗಿದ್ವು."

ಯೂನಿಟ್‌ನವರು ಆಕೆಗೆ ಕೊಟ್ಟ ಮೊದಲ ಬಂಡಲ್ ಅದು. ಸೋಮವಾರ ಸಂಜೆ ಬಂದಿತ್ತು. ಜೀನ್ಸ್ ಪ್ಯಾಂಟಿನ ಬಲಗಡೆಯ ದೊಡ್ಡ ಜೇಬಿನ ಬಾಯಿಯಲ್ಲಿ ಒಂದು ಪುಟ್ಟ ಜೇಬು ಇರುತ್ತದಲ್ಲ, ಅದನ್ನು ಹೊಲಿದು ಕೊಡುವ ಕೆಲಸ. ಆ ಪುಟ್ಟ ಜೇಬಿನ ತುಂಡುಗಳ ಕವರನ್ನು ಆಕೆ ನೀರೊಲೆಗೆಂದು ಇಟ್ಟಿದ್ದ ಚಿಂದಿ ಚೀಲದ ಪಕ್ಕದಲ್ಲಿ ಇಟ್ಟಿದ್ದಳು. ಅಲ್ಲಿ ಎಲ್ಲ ಮನೆಗಳಲ್ಲೂ ಹಾಗೇ ಇಡುತ್ತಿದ್ದರು. ಆ ಓಣಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಕಣ್ಣು ಮುಚ್ಚಿಕೊಂಡೂ ಯಾವುದು ಪೀಸ್, ಯಾವುದು ಚಿಂದಿ ಎಂದು ಹೇಳುತ್ತಿದ್ದರು. ಈ ಮಗುವಿಗೆ ಸಿಮೆಂಟು, ಮರಳು, ಇಟ್ಟಿಗೆ ಗೊತ್ತಿತ್ತು, ಬಟ್ಟೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವಳನ್ನು ನಾನೇ ಗದರಿಸಿ ಕೂರಿಸಿದ್ದೆ.

ನಾನು ಆಕೆಯನ್ನು ತರಗತಿಯೊಳಗೆ ಕರೆದುಕೊಂಡು ಹೋದೆ. ಆಕೆ ಗೋಡೆಯ ಮೇಲಿನ ಮರವನ್ನು ನೋಡಿದಳು. ಹತ್ತಿರ ಹೋಗಿ ಒಂದು ಎಲೆಯನ್ನು ಬೆರಳಿನಿಂದ ಮುಟ್ಟಿ, "ಕತ್ತರಿಸಿಬಿಟ್ಟೀರಿ" ಎಂದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

"ನಾನು ಯೂನಿಟ್‌ಗೆ ಬತ್ತೀನಿ ಅಕ್ಕ. ನನ್ ತಪ್ಪು ಅಂತ ನಾನೇ ಹೇಳ್ತೀನಿ" ಎಂದೆ.

"ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ್ರಿ. ಪೀಸ್ ಶಾಲಿಗೆ ಹೋಗಿತ್ತು ಅಂತ ಕಿವಿಗೆ ಬಿದ್ರ ನನ್ನ ಕೈಗೆ ಇನ್ನೊಂದು ಬಂಡಲ್ ಕೊಡಂಗಿಲ್ಲ. ಮಕ್ಕಳಿದ್ದ ಮನಿ, ಜ್ವಾಪಾನ ಇಲ್ಲ ಅಂತಾರ. ನಾಳಿ ಸಂಜಿಗೆ ಕೊಡಬೇಕ್ರಿ."

"ಅಂಗಡೀಲಿ ಇಂಥದೇ ಬಟ್ಟೆ ತಂದ್ರೆ ಆಗಲ್ವಾ?"

ಆಕೆ ನನ್ನನ್ನು ನೋಡಿದ ರೀತಿ, ಎರಡನೇ ತರಗತಿಯ ಮಗುವನ್ನು ನಾನು ನೋಡುವ ರೀತಿ. "ಒಂದು ತಾನಿನ ನೀಲಿ ಇನ್ನೊಂದು ತಾನಿಗೆ ಕೂಡಂಗಿಲ್ರಿ. ಈಗ ಒಂದೇ ಥರ ಕಾಣ್ತದ. ತೊಳದ ಮ್ಯಾಲ ಒಂದು ಕರ್ರಗ ಉಳೀತದ, ಒಂದು ಬೆಳ್ಳಗಾಗ್ತದ. ಪ್ಯಾಂಟ್ ಎಲ್ಲಾ ವಾಪಸ್ ಬರ್ತಾವ."

ಅದೇ ತಾನಿನ, ಅಂದರೆ ಅದೇ ಬಟ್ಟೆಯ ಸುರುಳಿಯಿಂದ ಕತ್ತರಿಸಿ ಉಳಿದ ಚಿಂದಿ ಸಿಕ್ಕರೆ ಮಾತ್ರ ಉಳಿಗಾಲ ಎಂದಳು. ಸೋಮವಾರ ಕಟಿಂಗ್ ಆದ ಮೇಲೆ ಯೂನಿಟ್‌ನವರು ಚಿಂದಿಯನ್ನು ಹೊರಗೆ ಹಾಕಿದ್ದರು. ಓಣಿಯ ಹೆಂಗಸರು ಎಂದಿನಂತೆ ನೀರು ಕಾಯಿಸಲೆಂದು ಚೀಲ ತುಂಬಿಕೊಂಡು ಹೋಗಿದ್ದರು. ಎರಡು ಬೆಳಗಿನ ಸ್ನಾನ ಆಗಿಹೋಗಿತ್ತು. ಎಷ್ಟು ಉಳಿದಿದೆಯೋ, ಯಾರ ಮನೆಯಲ್ಲಿದೆಯೋ.

ಆ ಮಧ್ಯಾಹ್ನದ ಗಣಿತ ನಡೆಯಲಿಲ್ಲ. ಊಟ ಮುಗಿಸಿ ಬಂದ ಮಕ್ಕಳಿಗೆ ವಿಷಯ ಹೇಳಿದೆ. ಇಂಥ ಬಟ್ಟೆಯ ದೊಡ್ಡ ಚಿಂದಿ ನಿಮ್ಮ ಮನೆಯ ನೀರೊಲೆ ಹತ್ತಿರ ಇದ್ದರೆ ಕೇಳಿ ತನ್ನಿ, ಈ ಸಲ ಕೇಳಿಯೇ ತನ್ನಿ ಎಂದೆ. ಹೋಲಿಸಿ ನೋಡಲು ಒಂದೊಂದು ಚೂರು ಬೇಕಲ್ಲ ಎಂದು ನಾನು ಗೋಡೆಯ ಮರದ ಕಡೆ ತಿರುಗುವಷ್ಟರಲ್ಲಿ, ನಿನ್ನೆ ನಾನು ಗದರಿಸಿದ್ದ ಹುಡುಗಿ ಕಸದ ಬುಟ್ಟಿಯನ್ನು ಎತ್ತಿಕೊಂಡು ಬಂದಳು. ನಾನು ಎಸೆದಿದ್ದ ಅಂಚುಗಳೆಲ್ಲ ಅದರ ತಳದಲ್ಲಿ ಹಾಗೇ ಇದ್ದವು. ಅವಳೇ ಎಲ್ಲರಿಗೂ ಒಂದೊಂದು ಹಂಚಿದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ಅವಳು ತಲೆ ತಗ್ಗಿಸಿ ಕೈ ತಪ್ಪಿಸಿಕೊಂಡಳು. ಇನ್ನೂ ಸಿಟ್ಟಿತ್ತು, ಇರಬೇಕಾದದ್ದೇ.

ಶಾಲೆ ಬಿಟ್ಟ ಮೇಲೆ ನಾನೂ ಹುಡುಗಿಯ ಮನೆಗೆ ಹೋದೆ. ಒಂದೇ ಕೋಣೆ. ಅಮ್ಮನ ಅಕ್ಕ ಕೊಟ್ಟಿದ್ದ ಮಷೀನನ್ನು ಬೆಳಕಿಗೆಂದು ಬಾಗಿಲಿಗೆ ಒತ್ತಿ ಇಟ್ಟಿದ್ದರು. ಹುಡುಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅಮ್ಮ ಅವಳಿಗೆ ಹೊಡೆದಿರಲಿಲ್ಲ, ಬೈದೂ ಇರಲಿಲ್ಲ. ನಾನು ಪಕ್ಕದಲ್ಲಿ ಕುಳಿತು, "ತಪ್ಪು ನಂದು ಕಣವ್ವ, ನಿಂದಲ್ಲ" ಎಂದೆ. ಅವಳು ತಿರುಗಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಈ ಮಗು ಮತ್ತೆ ಬೆಂಗಳೂರಿನ ಶೆಡ್ಡಿಗೆ ಹೋಗುತ್ತದೆ, ಕಾರಣ ನಾನು, ನನ್ನ ಚಾರ್ಟು, ಯಾರೋ ಅಧಿಕಾರಿ ಐದು ನಿಮಿಷ ನೋಡಿ ಹೋಗಲಿದ್ದ ಒಂದು ಗೋಡೆ.

ಮಕ್ಕಳು ಒಬ್ಬೊಬ್ಬರೇ ಬರತೊಡಗಿದರು. ಕೆಲವರು ಓಡಿ, ಕೆಲವರು ಅವ್ವನನ್ನೇ ಜೊತೆಗೆ ಕರೆದುಕೊಂಡು. ಒಂದು ಮನೆಯಲ್ಲಿ ಚೀಲ ಪೂರ್ತಿ ಉರಿದುಹೋಗಿತ್ತು, ಇನ್ನೊಂದು ಮನೆಯಲ್ಲಿ ಒಲೆ ಹಚ್ಚಲು ಕೂತವರನ್ನು ತಡೆದು ತಂದಿದ್ದರು. ತಂದ ಚಿಂದಿಯನ್ನೆಲ್ಲ ಅಂಗಳದಲ್ಲಿ ಸುರಿದು, ಇನ್ನೂ ಬಿಸಿಲಿದ್ದ ಕಡೆ ಹರಡಿದೆವು. ಅಮ್ಮ ಒಂದೊಂದನ್ನೇ ಎತ್ತಿ ಬೆನ್ನು ತಿರುಗಿಸಿ ನೋಡುವಳು. ಮುಖಕ್ಕಿಂತ ಬೆನ್ನೇ ನಿಜ ಹೇಳುತ್ತದಂತೆ. ಹೆಬ್ಬೆರಳಿಗೆ ನೀರು ಹಚ್ಚಿ ಉಜ್ಜಿ, ಆ ಬೆರಳನ್ನು ಬಿಳಿ ಬಟ್ಟೆಗೆ ಒರೆಸುವಳು. ಅಂಟಿದ ಬಣ್ಣವನ್ನು ನೋಡಿ, ಇದು ಹೌದು, ಇದು ಅಲ್ಲ ಎಂದು ಎರಡು ಗುಂಪು ಮಾಡುವಳು. ಮಷೀನು ಕಲಿತು ಕೆಲವೇ ತಿಂಗಳಾಗಿದ್ದ ಹೆಂಗಸಿಗೆ ಅಷ್ಟು ಕಣ್ಣು ಹೇಗೆ ಬಂತೋ! ಸ್ವಲ್ಪ ಹೊತ್ತಿನಲ್ಲಿ ಮಕ್ಕಳೂ ಕಲಿತುಬಿಟ್ಟರು. ನನಗೆ ಎಲ್ಲವೂ ಒಂದೇ ನೀಲಿ. ನಾನು ಆರಿಸಿದ ನಾಲ್ಕರಲ್ಲಿ ಮೂರನ್ನು ಒಬ್ಬ ಚಿಕ್ಕವಳು ತೆಗೆದು ಆಚೆ ಹಾಕಿ, "ನೀವು ಸುಮ್ನ ಕುಂದರ್ರಿ ಟೀಚರ್" ಎಂದಳು.

ಗಲಾಟೆ ಕೇಳಿ ಮೂಲೆಯಲ್ಲಿದ್ದ ಹುಡುಗಿ ಯಾವಾಗ ಎದ್ದು ಬಂದಳೋ ನೋಡಲಿಲ್ಲ. ನೋಡಿದಾಗ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳು ನೀಲಿಯಾಗಿಸಿಕೊಂಡು, ಚಿಂದಿ ಆರಿಸುತ್ತಿದ್ದಳು. ಅವಳು ಹೌದು ಎಂದು ಇಟ್ಟದ್ದನ್ನು ಅಮ್ಮ ಮತ್ತೆ ಪರೀಕ್ಷೆ ಮಾಡಲಿಲ್ಲ.

ಪಟ್ಟಿ ಪಟ್ಟಿಯಾಗಿದ್ದ ಚಿಂದಿಯಲ್ಲಿ ಅಂಗೈ ಅಗಲದ ಜಾಗ ಸಿಗುವುದು ಸುಲಭವಲ್ಲ. ಬೇಕಾದಷ್ಟರಲ್ಲಿ ಎರಡು ಮಾತ್ರ ಕಡಿಮೆ ಬಿದ್ದವು. ಅಮ್ಮ ಎರಡೆರಡು ಪಟ್ಟಿಯನ್ನು ಜೋಡಿಸಿ, ಆ ಜೋಡಣೆ ಜೇಬಿನ ಮೇಲಂಚಿನ ಮಡಿಕೆಯೊಳಗೆ ಹೋಗಿ ಅಡಗುವಂತೆ ಹೊಲಿದಳು. ನನ್ನ ಕೈಗೆ ಕೊಟ್ಟು, "ಹುಡುಕ್ರಿ ನೋಡೋಣ" ಎಂದಳು. ತಿರುಗಿಸಿ ಮುರುಗಿಸಿ ನೋಡಿದೆ, ಕಾಣಲಿಲ್ಲ. ಅವತ್ತು ಆಕೆ ನಕ್ಕದ್ದು ಅದೊಂದೇ ಸಲ.

ಗುರುವಾರ, ಬಂಡಲ್ ಒಪ್ಪಿಸಬೇಕಾದ ದಿನ, ನನಗೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಗೋಡೆಯ ಮರವನ್ನು ಬೆಳಿಗ್ಗೆಯೇ ತೆಗೆದಿದ್ದೆ. ವಿದ್ಯಾಧಿಕಾರಿ ಬಂದರು, ತರಬೇತಿಯಿಂದ ಏನು ಮಾಡಿದಿರಿ ಎಂದು ಕೇಳಿದರು, ಇನ್ನೂ ಕಲಿಯುತ್ತಿದ್ದೇನೆ ಎಂದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಸಂಜೆ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡೆ. ನಮ್ಮಮ್ಮ ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣೆ, ಉಳ ತಿಂದು ಬಿಟ್ಟ ಕಡ್ಡಿ ಕುರಿಗೆ ಆಕಿ, ಕುರಿ ಗೊಬ್ರ ಒಲಕ್ಕೆ ಒಡ್ದು ನಿನ್ನ ಓದ್ಸಿದ್ದು. ನಮ್ಮನೇಗೆ ಬ್ಯಾಡದ್ದು ತತ್ತಾ ಅಂದಿದ್ರೆ ಏನ್ ತಗಂಡೋಗ್ತಿದ್ದೆ ನೀನು?" ಎಂದಳು. ನಾನು ಫೋನ್ ಇಟ್ಟೆ.

ಶುಕ್ರವಾರ ಬೆಳಿಗ್ಗೆ ಗೇಟಿನ ಹತ್ತಿರ ಅಮ್ಮ ಮಗಳು ಇಬ್ಬರೂ ನಿಂತಿದ್ದರು. ಅಮ್ಮನ ಸೊಂಟದ ಮೇಲೆ ದೊಡ್ಡದೊಂದು ಬಂಡಲ್ ಇತ್ತು.

"ಕೊಟ್ರು ರಿ" ಎಂದಳು. "ಕಟಿಂಗ್ ಮಾಸ್ತರು ಒಂದೊಂದೇ ತಿರುವಿ ನೋಡಿದ್ರು. ನನ್ನ ಎದಿ ಬಡಕೊಳ್ಳೋದು ಅವರಿಗೆ ಕೇಳಸ್ತದೇನೋ ಅಂತ ಹೆದರಿಕಿ. ಏನೂ ಅನಲಿಲ್ಲ. ಇದನ್ನ ಎತ್ತಿ ಕೊಟ್ರು."

ನನ್ನ ಕಣ್ಣಲ್ಲಿ ನೀರು ಬಂತು. ಗೇಟಿನ ಮುಂದೆ, ಹೆಡ್ಮಾಸ್ತರರು ನೋಡುತ್ತಿರುವಾಗಲೇ. ಹುಡುಗಿ ಒಳಗೆ ಓಡಿದಳು. ಅಮ್ಮ ಮಾತ್ರ ಹೋಗದೆ ಬಂಡಲ್ಲನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಿಂತಳು.

"ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನೀವು ಹೇಳಿದ್ದ ದಿನ ಇಕಿ ಮನಿ ಎಲ್ಲಾ ಹುಡುಕಿದ್ಲು. ಡಬ್ಬಿ, ಗೂಡು, ಕೌದಿ ಕೆಳಗ, ಎಲ್ಲಾ ಕಡಿ. ನಾ ಏನಂತ ಕೇಳಿದ್ರ ಹೇಳಲಿಲ್ಲ. ಆಮೇಲೆ ಬಂದು, ಅವ್ವ, ಎಲ್ಲಾರ ಮನ್ಯಾಗೂ ಬ್ಯಾಡಾದ್ದು ಇರ್ತದಂತ, ನಮ್ಮನ್ಯಾಗ ಯಾಕ ಏನೂ ಇಲ್ಲ, ನಾವು ಅಷ್ಟು ಬಡವರೇನು ಅಂತ ಕೇಳಿದ್ಲು. ಆವಾಗ ನನಗ ತಿಳೀಲಿಲ್ರಿ. ಪೀಸ್ ಹೋದ ಮ್ಯಾಲೇ ತಿಳೀತು, ಯಾಕ ಕೇಳಿದ್ಲು ಅಂತ."

ಇಷ್ಟು ಹೇಳಿ ಆಕೆ ಹೊರಟುಹೋದಳು. ದೂರು ಹೇಳಿದ ದನಿಯಲ್ಲ. ಮಗಳ ಮೇಲೆ ಟೀಚರಿಗೆ ಬೇಸರ ಇರಬಾರದು ಎಂದು ಹೇಳಿದಳೆಂದು ಕಾಣುತ್ತದೆ. ನಾನು ಗೇಟಿನ ಸರಳು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಪ್ರಾರ್ಥನೆ ಮುಗಿದಿತ್ತು.

ತರಗತಿಗೆ ಹೋಗಿ ಮೊದಲು ಆ ಗದರಿಸಿದ ಹುಡುಗಿಯ ಹೆಸರು ಹಿಡಿದು ಕರೆದು, ನೀನು ಸರಿ, ನಾನು ತಪ್ಪು ಎಂದು ಎಲ್ಲರ ಮುಂದೆ ಹೇಳಿದೆ. ಆಮೇಲೆ ಕೇಳಿದೆ. "ಅವತ್ತು ಮನೇಲಿ ಬೇಡದ್ದು ಏನೂ ಸಿಗದೆ ಒದ್ದಾಡಿದೋರು ಯಾರ್ ಯಾರು? ನಿಜ ಹೇಳ್ಬೇಕು."

ಒಂದು ಕೈ ಎದ್ದಿತು, ಆಮೇಲೆ ಮೂರು, ಆಮೇಲೆ ಇಡೀ ತರಗತಿ. ಬಾಟಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಂತೆ. ಬಿಸ್ಕತ್ತಿನ ಪೊಟ್ಟಣ ರಸ್ತೆಯದು. ಚಪ್ಪಲಿಯ ಒಂದು ಕಾಲನ್ನು ದೊಡ್ಡ ಬಂಗಲೆಯೊಂದರ ಗೇಟಿನ ಹೊರಗಿನಿಂದ ತಂದಿದ್ದರಂತೆ. ಸೋಲಬಾರದೆಂದು ಎಲ್ಲರೂ ಹೊರಗೆ ಹೋಗಿ ಹುಡುಕಿದ್ದರು. ಮನೆಯೊಳಗಿನಿಂದಲೇ ತರಬೇಕೆಂಬ ನನ್ನ ನಿಯಮಕ್ಕೆ ನಿಷ್ಠೆಯಿಂದ ನಡೆದುಕೊಂಡವಳು ಒಬ್ಬಳೇ.

ನೀವು ಬಡವರಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಬಡವರೇ ಆಗಿದ್ದರು, ಅದು ಅವರಿಗೂ ಗೊತ್ತಿತ್ತು. ಆದರೆ ಏನನ್ನೂ ಹಾಳು ಮಾಡದ ಮನೆಯಲ್ಲಿ ನಿಂತು ನಾಚಿಕೆಪಡುವುದನ್ನು ಆ ಮಗುವಿಗೆ ಕಲಿಸಿದವಳು ನಾನು. "ಆಟದ ನಿಯಮ ನಾನೇ ತಪ್ಪು ಮಾಡ್ದೆ. ಬರಿಗೈಯಲ್ಲಿ ಬರೋರೇ ಗೆದ್ದೋರು ಅನ್ನಬೇಕಾಗಿತ್ತು" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರೂ ಗೆದ್ದೆವೆಂದರೆ ಅವರಿಗೆ ಖುಷಿ, ಕಾರಣ ಬೇಕಿಲ್ಲ. ಆ ಹುಡುಗಿ ಮಾತ್ರ ಚಪ್ಪಾಳೆ ತಟ್ಟದೆ ತನ್ನ ಕನ್ನಡ ಪುಸ್ತಕದ ಹಾಳೆ ತಿರುವುತ್ತಿದ್ದಳು.

ಊಟದ ಗಂಟೆ ಹೊಡೆದಾಗ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಕೊನೆಯ ಪಾಠದ ಹಾಳೆಯಲ್ಲಿ ಬೆರಳಿಟ್ಟುಕೊಂಡಿದ್ದಳು.

"ಟೀಚರ್, ನಾನು ಯಾವ ಪುಸ್ತಕದ್ದೂ ಕಡೀ ಪಾಠ ಓದಿಲ್ರಿ. ಅಷ್ಟರಾಗ ಬ್ಯಾರೆ ಕಡಿ ಹೋಗ್ತಿದ್ವಿ. ಇದರದ್ದು ಓದ್ತೀನಲ್ರಿ?"

"ಓದ್ತೀಯ" ಎಂದೆ. ಈ ಸಲ ಧೈರ್ಯಕ್ಕೆ ಹೇಳಿದ್ದಲ್ಲ.

ಮಾರ್ಚಿನಲ್ಲಿ ಓದಿದಳು. ಗೋಡೆಯ ಆಚೆ ಮಷೀನುಗಳು ಜೋರಾಗಿ ಓಡುತ್ತಿದ್ದವು. ಅವುಗಳಿಗಿಂತ ಜೋರಾಗಿ, ಎದ್ದು ನಿಂತು, ಕಟ್ಟಕಡೆಯ ಸಾಲಿನವರೆಗೆ ಓದಿದಳು.